ಯಾರದೂ ಅಲ್ಲದ ಮುಖ

ಗೋಡೆಗೆ ಫೋಟೋ ಹಾಕಿದ ದಿನ ನಮ್ಮ ಅತ್ತೆ ಅದರ ಮುಂದೆ ನಿಂತು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಯಾರೇ ಈ ಮದುಮಗ?" ಎಂದು ಕೇಳಿದರು.

ಆ ಮದುಮಗ ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗ, ನನ್ನ ಗಂಡ. ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರು, ಮತ್ತೆ ಏಳಲಿಲ್ಲ. ಅತ್ತೆಗೆ ಮರೆವು ಅದಕ್ಕೂ ಮುಂಚೆಯೇ ಶುರುವಾಗಿತ್ತು. ಮಗನ ಹೆಣದ ಪಕ್ಕ ಕೂರಿಸಿದಾಗ ನೋಡಿದರು, ಹಣೆ ಸವರಿದರು, ಸಂಜೆಯ ಹೊತ್ತಿಗೆ ಮರೆತರು. ನನ್ನನ್ನು ಮರೆತು ಆಗಲೇ ಬಹಳ ಕಾಲವಾಗಿತ್ತು. ಮನೆಗೆಲಸಕ್ಕೆ ಬರುವವಳು ಎಂದುಕೊಂಡು "ಏ ಹುಡುಗಿ" ಎಂದು ಕರೆಯುತ್ತಿದ್ದರು. ತಲೆಯೆಲ್ಲ ನರೆತ ಮೇಲೆ ಹುಡುಗಿ ಅನ್ನಿಸಿಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ. ಅದಕ್ಕೆ ನಾನು ತಕರಾರು ಮಾಡಲಿಲ್ಲ.

ನನ್ನ ತಕರಾರು ಇದ್ದದ್ದು ಊಟದ ವಿಷಯದಲ್ಲಿ. ನಮ್ಮವರು ಕತ್ತಲಾಗುವ ಹೊತ್ತಿಗೆ ಸ್ಟುಡಿಯೋ ಮುಚ್ಚಿ ಬಂದು ತಾಯಿಯ ಜೊತೆ ಕೂತು ಊಟ ಮಾಡುತ್ತಿದ್ದರು. ಎಲ್ಲವನ್ನೂ ಮರೆತ ಅತ್ತೆ ಅದೊಂದನ್ನು ಮರೆತಿರಲಿಲ್ಲ. ಸಂಜೆಯಾಯಿತು ಅಂದರೆ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂರುವರು. ತಟ್ಟೆ ಮುಂದಿಟ್ಟರೆ, "ಅವನು ಬರ್ಲಿ, ಆಮೇಲೆ" ಎನ್ನುವರು. ಬೆಳಿಗ್ಗೆ ಎರಡು ತುತ್ತು, ಮಧ್ಯಾಹ್ನ ಬೇಕಾದರೆ ಉಂಟು ಬೇಡವಾದರೆ ಇಲ್ಲ, ಸಂಜೆ ಪೂರ್ತಿ ಉಪವಾಸ. ಡಾಕ್ಟರು ತೂಕ ನೋಡಿ ನನ್ನನ್ನು ಹೊರಗೆ ಕರೆದು, "ಹೀಗೇ ಆದ್ರೆ ಇವರನ್ನ ಬಹಳ ದಿನ ಇಟ್ಕೊಳ್ಳೋಕಾಗಲ್ಲ" ಎಂದರು.

ಸುಳ್ಳು ಹೇಳಿ ಉಣ್ಣಿಸಲು ನೋಡಿದೆ, ಆಗಲಿಲ್ಲ. ನಿಜ ಹೇಳಿದರೆ ಇನ್ನೂ ಕಷ್ಟ.

"ಅತ್ತೆ, ಅವರು ಹೋಗಿಬಿಟ್ರು. ಇನ್ನು ಬರಲ್ಲ."

"ಯಾರು?"

ನಾನು ಗೋಡೆಯ ಕಡೆ ಕೈ ತೋರಿಸುವೆ. ಅವರು ಫೋಟೋ ನೋಡಿ, "ಅಯ್ಯೋ ಪಾಪ. ಎಷ್ಟು ಲಕ್ಷಣವಾಗಿದ್ದ. ಅವನ ಹೆತ್ತವರು ಹೇಗೆ ತಡ್ಕೊಂಡ್ರೋ" ಎಂದು ನಿಜವಾಗಿ ಮರುಗಿ, ಮತ್ತೆ ಬಾಗಿಲ ಕಡೆ ತಿರುಗಿ ಕೂರುವರು. ಒಂದು ದಿನದ ಮಾತಲ್ಲ ಇದು, ದಿನಾ ಇದೇ. ಸತ್ತವರನ್ನು ದಿನಕ್ಕೊಂದು ಸಲ ಸಾಯಿಸಿ, ಅದೂ ಉಪಯೋಗವಿಲ್ಲದೆ ಸಾಯಿಸಿ, ನನಗೆ ರೋಸಿಹೋಗಿತ್ತು.

ಅತ್ತೆಯದೇನೂ ತಪ್ಪಿಲ್ಲ. ನಮ್ಮವರು ಫೋಟೋ ತೆಗೆಯುವುದಕ್ಕಿಂತ ತೆಗೆದದ್ದನ್ನು ತಿದ್ದುವುದರಲ್ಲಿ ಹೆಸರು ಮಾಡಿದವರು. ಹಿಂದೆ, ಕೆಳಗಡೆ ಬಲ್ಬು ಉರಿಯುವ ಇಳಿಜಾರು ಮೇಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಮೊಡವೆ, ಸುಕ್ಕು, ಕಲೆ ಎಲ್ಲವನ್ನೂ ಮುಚ್ಚುತ್ತಿದ್ದರು. ಕಂಪ್ಯೂಟರ್ ಬಂದ ಮೇಲಂತೂ ಹಗ್ಗ ಬಿಚ್ಚಿದ ಕರುವಿನ ಹಾಗಾದರು. ಸೊಟ್ಟ ಮೂಗು ನೆಟ್ಟಗಾಯಿತು, ಒಂದು ಕಣ್ಣು ಚಿಕ್ಕದಿದ್ದರೆ ಇನ್ನೊಂದರ ಅಳತೆಗೆ ಬಂತು. "ಗಿರಾಕಿ ಬರೋದು ಇರೋ ಮುಖಕ್ಕಲ್ಲ, ಇರಬೇಕಾಗಿತ್ತು ಅನ್ನೋ ಮುಖಕ್ಕೆ" ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲೇ ನನಗೂ ಆ ಕೆಲಸ ಕಲಿಸಿದರು. ಅವರದೊಂದು ಮೇಜು, ನನ್ನದೊಂದು ಮೇಜು. ಇಬ್ಬರೂ ಸೇರಿ ಊರಿನ ಅರ್ಧ ಜನರ ಮುಖ ತೊಳೆದಿದ್ದೇವೆ.

ಊರಿನವರ ಮುಖ ತೊಳೆದವರು ತಮ್ಮದನ್ನು ಬಿಡುತ್ತಾರೆಯೇ? ಅವರ ಒಂದು ಕಿವಿ ಹೊರಗೆ ಚಾಚಿಕೊಂಡಿತ್ತು. ಹುಬ್ಬಿನ ನಡುವೆ ಒಂದು ಕಡೆ ಕೂದಲು ಬೆಳೆಯದ ಗಾಯದ ಗೆರೆ. ಬಾಯಿ ಒಂದು ಕೊನೆಯಲ್ಲಿ ಮೇಲಕ್ಕೆ ಎಳೆದುಕೊಂಡ ಹಾಗಿತ್ತು. ಇವು ಯಾವುವೂ ಒಂದು ಫೋಟೋದಲ್ಲೂ ಇಲ್ಲ. ಗುರುತಿನ ಚೀಟಿಯ ಫೋಟೋ ಕೂಡ ಅವರೇ ತೆಗೆದು ಅವರೇ ತಿದ್ದಿದ್ದು. ನೆಂಟರ ಮನೆಯ ಸಮಾರಂಭಗಳಲ್ಲಿ ಕ್ಯಾಮೆರಾದ ಹಿಂದೆ ಇರುತ್ತಿದ್ದರು, ಮುಂದೆ ಬರುತ್ತಿರಲಿಲ್ಲ. ಮೊಬೈಲುಗಳಲ್ಲಿ ಹುಡುಕಿದರೆ ಸಿಕ್ಕಿದ್ದು ಅವರ ಬೆನ್ನು, ಇಲ್ಲವೇ ಮುಖಕ್ಕೆ ಅಡ್ಡ ಹಿಡಿದ ಅಂಗೈ.

ಕಾಯಿಪಲ್ಯ ತರಲು ಹೋಗುವ ದಾರಿಯಲ್ಲಿ ಒಂದು ಗ್ರಂಥಾಲಯವಿದೆ. ಒಂದು ದಿನ ಅದರ ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿದ್ದು ಕಾಣಿಸಿತು. ಕಾಗದದ ಮುಕ್ಕಾಲು ಭಾಗ ಬರೀ ಗದ್ದ. ಉಳಿದ ಜಾಗದಲ್ಲಿ ಎರಡು ನಿದ್ದೆಗಣ್ಣು, ಒಂದು ಟೋಪಿ. ನೋಡಿದ ಕೂಡಲೇ ಆ ಗ್ರಂಥಾಲಯದ ಕಾವಲುಗಾರ ಎಂದು ಗೊತ್ತಾಯಿತು. ದಿನಾ ಅವನ ಮುಂದೆಯೇ ಓಡಾಡಿದ್ದೇನೆ. ಅವನ ಫೋಟೋ ತೋರಿಸಿ ಯಾರೆಂದು ಕೇಳಿದ್ದರೆ ತಡವರಿಸುತ್ತಿದ್ದೆ. ಕೆಳಗೆ, 'ಕ್ಯಾರಿಕೇಚರ್ ಬರೆಯಲು ಕಲಿಯಿರಿ, ಹೊಸಬರಿಗೆ, ಮಹಡಿಯ ಮೇಲೆ' ಎಂದು ಬರೆದಿತ್ತು. ಕೈಯಲ್ಲಿ ಖಾಲಿ ಚೀಲ ಹಿಡಿದುಕೊಂಡೇ ಮಹಡಿ ಹತ್ತಿದೆ.

ಅಲ್ಲಿದ್ದ ಮೇಷ್ಟ್ರು ಪತ್ರಿಕೆಯೊಂದರಲ್ಲಿ ಬಹಳ ಕಾಲ ವ್ಯಂಗ್ಯಚಿತ್ರ ಬರೆದು ನಿವೃತ್ತರಾದವರು. ಉದ್ದ ಕತ್ತು, ಮೆಲು ಮಾತು, ನಗು ಕಡಿಮೆ. ಜನರನ್ನು ನಗಿಸುವ ಕೆಲಸ ಮಾಡಿದವರು ಹೀಗೇಕೆ ಎಂದು ಮೊದಲ ದಿನ ಅನ್ನಿಸಿತ್ತು. ಕಲಿಯಲು ಬಂದವರಲ್ಲಿ ನನ್ನ ಪಕ್ಕದ ಕುರ್ಚಿಯವರು ಒಬ್ಬ ಹಲ್ಲಿನ ಡಾಕ್ಟರು. ಯಾರ ಮುಖ ಬರೆದರೂ ಹಲ್ಲಿನಿಂದಲೇ ಶುರು ಮಾಡುವರು, ಕಣ್ಣಿಗೆ ಬರುವ ಹೊತ್ತಿಗೆ ಕಾಗದ ಮುಗಿದಿರುತ್ತಿತ್ತು.

ಮೇಷ್ಟ್ರ ನಿಯಮಗಳು ಸ್ವಲ್ಪವೇ. ಪೆನ್ಸಿಲ್ ಕೂಡದು, ರಬ್ಬರ್ ಕೂಡದು. ಮಸಿ ಪೆನ್ನು ಮತ್ತು ಪತ್ರಿಕೆ ಅಚ್ಚು ಹಾಕುವ ತೆಳು ಕಾಗದ, ಅಷ್ಟೇ. "ಒಳ್ಳೇ ಕಾಗದ ಕೊಟ್ರೆ ಹೊಸಬರಿಗೆ ಭಯ ಬರುತ್ತೆ, ಕೈ ಗಟ್ಟಿಯಾಗುತ್ತೆ" ಎನ್ನುವರು. ಆ ಕಾಗದಕ್ಕೆ ಮಸಿ ತಾಗಿದರೆ ಹಿಂಬದಿಗೂ ಇಳಿದು, ಕೆಳಗಿನ ಮೇಜನ್ನೂ ಬಿಡುತ್ತಿರಲಿಲ್ಲ.

ಮೊದಲ ಪಾಠದಲ್ಲಿ, "ಇವತ್ತು ಯಾರದೂ ಅಲ್ಲದ ಮುಖ ಬರೀರಿ" ಎಂದರು. ಮೊಟ್ಟೆಯಾಕಾರ, ನಡುವೆ ಕಣ್ಣು, ಕಣ್ಣಿನ ಕೆಳಗೆ ಅಳತೆಗೆ ತಕ್ಕ ಮೂಗು, ಅದಕ್ಕೆ ತಕ್ಕ ಬಾಯಿ. ಎಡಕ್ಕೂ ಬಲಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸವಿರಬಾರದು. ನಾನು ಬರೆದದ್ದನ್ನು ಮೇಷ್ಟ್ರು ಎತ್ತಿ ಹಿಡಿದು ನೋಡಿದರು.

"ಇಷ್ಟು ಚೆನ್ನಾಗಿ ಯಾರದೂ ಅಲ್ಲದ ಮುಖ ಬರೆದವರನ್ನ ನಾನು ನೋಡಿಲ್ಲಮ್ಮ. ಏನು ಕೆಲಸ ಮಾಡ್ತಿದ್ರಿ?"

"ಫೋಟೋ ಸ್ಟುಡಿಯೋದಲ್ಲಿ ಟಚಪ್ ಮಾಡ್ತಿದ್ದೆ."

"ಹಾಗಾದ್ರೆ ನಿಮಗೆ ಕಷ್ಟ ಇದೆ" ಎಂದು ಕಾಗದ ವಾಪಸು ಕೊಟ್ಟರು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬಿತ್ತು. ನಾನು ಆ ದಿನ ಬರೆದ ಮುಖವೇ ಅಲ್ಲಿ ತೂಗುತ್ತಿತ್ತು, ಮೀಸೆಯೊಂದು ಹೆಚ್ಚಿಗೆ. ಅತ್ತೆಗೆ ಮಗನ ಗುರುತು ಸಿಗದ್ದಕ್ಕೆ ಅಲ್ಲಿಯವರೆಗೂ ಅವರ ಮರೆವೇ ಕಾರಣ ಎಂದುಕೊಂಡಿದ್ದೆ. ಆ ಮುಖವನ್ನು ಗುರುತು ಹಿಡಿಯುವುದಕ್ಕೆ ಅದರಲ್ಲಿ ಹಿಡಿಯಲು ಏನೂ ಇರಲಿಲ್ಲ. ನನಗೆ ನಿಂತ ಕಡೆಯೇ ಭಯವಾಯಿತು.

ಮುಂದಿನ ಪಾಠಕ್ಕೆ ಕಾವಲುಗಾರನನ್ನು ಕರೆದು ಕೂರಿಸಿದರು. "ಯಾರದೂ ಅಲ್ಲದ ಮುಖ ನಿಮ್ಮ ತಲೇಲಿ ಇದೆ. ಈಗ ಇವನ ಮುಖ ಅದರಿಂದ ಎಲ್ಲಿ ತಪ್ಪಿಸ್ಕೊಂಡು ಓಡಿದೆ ನೋಡಿ. ಓಡಿದ ಕಡೆ ನೀವೂ ಓಡಿ. ಎಲ್ಲಿವರೆಗೆ ಓಡಬೇಕು ಅಂದ್ರೆ, ಇನ್ನೊಂದು ಹೆಜ್ಜೆ ಇಟ್ರೆ ಅವನು ಅವನಲ್ಲ ಅನ್ನೋವರೆಗೆ."

ನಾನು ಬರೆದೆ. ಆ ಬೆಟ್ಟದಂಥ ಗದ್ದ ನನ್ನ ಪೆನ್ನಿನ ಕೆಳಗೆ ಬರುವಾಗ ತಾನಾಗಿ ಒಳಗೆ ಸರಿಯಿತು. ಜೋತ ಕಣ್ಣಿನ ರೆಪ್ಪೆ ಮೇಲಕ್ಕೆ ಹೋಯಿತು. ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತು, "ಅಮ್ಮಾ, ನೀವು ಅವನ ಮುಖ ತೊಳೀತಿದ್ದೀರಿ" ಎಂದರು. ನಾನು ಪೆನ್ನು ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಬೇರೆ ಪೆನ್ನು ತಂದುಕೊಟ್ಟರು. ಅದರಲ್ಲೂ ಅದೇ ಮುಖ ಬಂತು.

ಸಿಟ್ಟಿನಲ್ಲಿ ಮುಂದಿನ ಸಲ ಎಲ್ಲವನ್ನೂ ದೊಡ್ಡದು ಮಾಡಿದೆ. ಮೂಗು, ಕಿವಿ, ಕಣ್ಣು, ಗದ್ದ ಯಾವುದನ್ನೂ ಬಿಡಲಿಲ್ಲ. ಹಲ್ಲಿನ ಡಾಕ್ಟರು ಇಣುಕಿ ನೋಡಿ, "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಲ್ಲ" ಎಂದರು. ಹಲ್ಲು ಬಿಟ್ಟು ಬೇರೇನೂ ಕಾಣದವರು ನನಗೆ ಹೇಳಬೇಕೇ ಎಂದು ಉರಿಯಿತು. ಮೇಷ್ಟ್ರು ಮಾತ್ರ, "ಎಲ್ಲಾನೂ ದೊಡ್ಡದಾದ್ರೆ ಯಾವುದೂ ದೊಡ್ಡದಲ್ಲ. ಒಂದೇ ಒಂದು ಆರಿಸ್ಕೊಳ್ಳಿ. ಮಿಕ್ಕಿದ್ದೆಲ್ಲ ಅದಕ್ಕೆ ಜಾಗ ಬಿಟ್ಕೊಡಲಿ" ಎಂದರು.

ಹೀಗೆ ತಿಂಗಳುಗಳು ಹೋದವು. ಮಧ್ಯಾಹ್ನ ಅತ್ತೆ ಮಲಗಿದಾಗ ಬರೆದೆ, ಒಲೆಯ ಮೇಲೆ ಹಾಲಿಟ್ಟು ಬರೆದೆ, ಹಾಲು ಉಕ್ಕಿತು. ಕಾಯಿಪಲ್ಯದವನನ್ನು ಬರೆದು ತೋರಿಸಿದೆ. ಅವನು ಒಂದು ವಾರ ನನಗೆ ಬಾಡಿದ್ದನ್ನೇ ಆರಿಸಿ ಕೊಟ್ಟ. ಪಕ್ಕದ ಮನೆಯಾಕೆಯನ್ನು ಬರೆದೆ, ಆಕೆ ಮಾತು ಬಿಟ್ಟಳು. ಚಿತ್ರ ಸುಧಾರಿಸುತ್ತಿದೆ ಎಂದು ನನಗೆ ತಿಳಿಯುತ್ತಿದ್ದದ್ದು ಹೀಗೆ. ಕೊನೆಗೊಂದು ದಿನ ಮೇಷ್ಟ್ರನ್ನೇ ಬರೆದೆ. ಕತ್ತು ಒಂದನ್ನೇ ಹಿಡಿದೆ. ಕಾಗದದ ಕೆಳಗಿನಿಂದ ಮೇಲಿನವರೆಗೆ ಕತ್ತು, ತುದಿಯಲ್ಲಿ ಒಂದು ಸಣ್ಣ, ದಣಿದ ತಲೆ, ಯಾರೋ ಕರೆದರು ಎಂಬಂತೆ ಪಕ್ಕಕ್ಕೆ ವಾಲಿದ್ದು. ಅವರು ಅದನ್ನು ಕೈಗೆತ್ತಿಕೊಂಡು ನೋಡಿದರು.

"ಇದು ನಾನೇ" ಎಂದರು. ಆಮೇಲೆ, "ನಗಿಸೋಕೆ ಅಂತ ಯಾವತ್ತೂ ಬರೀಬೇಡಿ. ಗುರುತು ಸಿಕ್ಕಿದ್ರೆ ನಗು ತಾನಾಗೇ ಬರುತ್ತೆ. ಕೆಲವು ಸಲ ಅಳೂನೂ ಬರುತ್ತೆ" ಎಂದರು. ಆ ದಿನ ಅವರಿಗೆ ನಮ್ಮವರ ವಿಷಯ, ಅತ್ತೆಯ ಊಟದ ವಿಷಯ ಎಲ್ಲ ಹೇಳಿದೆ. ಮಗನ ಗುರುತು ಸಿಕ್ಕಿದರೆ ಅವನು ಹೋದದ್ದು ಅತ್ತೆಗೆ ನಾಟೀತು, ಕಾಯುವುದು ಬಿಟ್ಟು ಉಂಡಾರು ಎಂಬ ನನ್ನ ಆಸೆಯನ್ನೂ ಹೇಳಿದೆ.

ಮನೆಯಲ್ಲಿ ಹೇಳಿದ್ದು ತಡವಾಯಿತು. ಮಗಳು ಎರಡು ಬೀದಿ ಆಚೆ ಇದ್ದಾಳೆ, ಕೆಲಸ ಮುಗಿಸಿ ದಿನವೂ ಅಜ್ಜಿಯನ್ನು ನೋಡಲು ಬರುತ್ತಾಳೆ. ನನ್ನ ಕಾಗದಗಳನ್ನು ಇಷ್ಟು ದಿನ ತಿರುವಿಹಾಕಿ ನಗುತ್ತಿದ್ದವಳು, ಮುಂದೆ ನಾನು ಯಾರನ್ನು ಬರೆಯಬೇಕೆಂದಿದ್ದೇನೆ ಎಂದು ತಿಳಿದಾಗ ಅವನ್ನು ಕೆಳಗಿಟ್ಟಳು.

"ಅಮ್ಮ, ಅಪ್ಪ ಬದುಕಿರೋವರೆಗೂ ಆ ಕಿವೀನ ಒಬ್ರಿಗೂ ತೋರಿಸ್ಲಿಲ್ಲ. ಈಗ ಅವರಿಲ್ಲ. ನೀನು ಅದನ್ನ ದೊಡ್ಡದು ಮಾಡಿ ಬರೀತೀಯಾ?"

"ಬರೀತೀನಿ."

"ಅವರು ಬೇಡ ಅಂದಿದ್ದನ್ನ ಮಾಡೋದು ಸರೀನಾ? ಎದ್ದು ಬಂದು ಜಗಳ ಆಡೋಕೂ ಆಗಲ್ಲ ಅವರಿಗೆ."

ಅವಳ ಮಾತು ನನಗೆ ನಾಟಿತು. ನಾಟಿದ್ದರಿಂದಲೇ ದನಿ ಏರಿತು. "ನಿಮ್ಮಪ್ಪನ ಮಾನ ಒಂದು ಕಡೆ, ನಿಮ್ಮಜ್ಜಿಯ ಹೊಟ್ಟೆ ಒಂದು ಕಡೆ. ಯಾವುದು ದೊಡ್ಡದು ನೀನೇ ಹೇಳು" ಎಂದೆ. ಅವಳು ಚೀಲ ತೆಗೆದುಕೊಂಡು ಹೊರಟುಹೋದಳು. ಮರುದಿನ ಬಂದಳು, ಅಜ್ಜಿಯ ಜೊತೆ ಮಾತಾಡಿದಳು, ನನ್ನ ಜೊತೆ ಬೇಕಾದಷ್ಟೇ.

ಇಷ್ಟೆಲ್ಲ ಜಗಳವಾಡಿ ಪೆನ್ನು ಹಿಡಿದು ಕೂತರೆ ಅವರ ಮುಖ ಬರಲಿಲ್ಲ. ಕಿವಿ ಚಾಚಿತ್ತು, ಹುಬ್ಬಿನಲ್ಲಿ ಗೆರೆ ಇತ್ತು, ಬಾಯಿ ಎಳೆದಿತ್ತು ಎಂದು ಬಾಯಿಪಾಠ ಒಪ್ಪಿಸಬಲ್ಲೆ. ಆದರೆ ಕಣ್ಣು ಮುಚ್ಚಿದರೆ ಕಾಣುವುದು ಗೋಡೆಯ ಮದುಮಗ. ಅಷ್ಟು ವರ್ಷ ಸಂಸಾರ ಮಾಡಿದವರ ಮುಖ ಇಷ್ಟು ಬೇಗ ನನ್ನಿಂದ ಹೋಗಿತ್ತು. ಮುದುಕಿ ಮರೆತರೆ ಅದಕ್ಕೊಂದು ಕಾಯಿಲೆಯ ಹೆಸರಿದೆ, ನನಗೇನಿದೆ ಎಂದು ಹಾಸಿಗೆಯ ಮೇಲೆ ಬೋರಲಾಗಿ ಮಲಗಿಬಿಟ್ಟೆ. ಅಳು ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ.

"ಮುಖ ನೆನಪು ಮಾಡ್ಕೋಬೇಡಿ" ಎಂದರು ಮೇಷ್ಟ್ರು. "ಅವರು ಏನೋ ಮಾಡ್ತಾ ಇರೋದನ್ನ ನೆನಪು ಮಾಡ್ಕೊಳ್ಳಿ. ಕೈ ನೆನಪಾಗ್ಲಿ, ಕೂತಿರೋ ರೀತಿ ನೆನಪಾಗ್ಲಿ. ಮುಖ ಹಿಂದೆ ಬರುತ್ತೆ."

ಮಗಳು ಅಜ್ಜಿಯ ಹತ್ತಿರ ಇದ್ದ ಒಂದು ರಜಾದಿನ ಸ್ಟುಡಿಯೋದ ಬೀಗ ತೆಗೆದೆ. ಧೂಳಿನ ವಾಸನೆ, ಹಳೆಯ ರಾಸಾಯನಿಕದ ವಾಸನೆ. ನನ್ನ ಮೇಜಿಗೆ ಹೋಗಿ ಕುಳಿತೆ. ಗಿರಾಕಿಗಳು ತಲೆ ಬಾಚಿಕೊಳ್ಳಲು ಇಟ್ಟ ದೊಡ್ಡ ಕನ್ನಡಿ ನನ್ನ ಮೇಜಿನ ಎದುರಿಗೇ ಇದೆ. ಜಾಗ ಇಕ್ಕಟ್ಟು, ಅವರು ನನ್ನ ಹಿಂದೆ, ನನಗೆ ಬೆನ್ನು ಹಾಕಿ ಕೂರುತ್ತಿದ್ದರು. ಕೆಲಸದ ನಡುವೆ ಏನಾದರೂ ಹೇಳಬೇಕೆಂದರೆ ಸ್ಟೂಲು ತಿರುಗಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳುವರು, ನಾನು ಕನ್ನಡಿಗೇ ಉತ್ತರ ಕೊಡುವೆ. ಹಗಲಿಡೀ ನಮ್ಮ ಸಂಸಾರ ನಡೆದದ್ದು ಹಾಗೆ. ಮನೆಯಲ್ಲಿ ಗಂಡನ ಮುಖ ಯಾರು ನೋಡುತ್ತಾರೆ? ತಟ್ಟೆ ನೋಡುತ್ತೇವೆ, ಗಡಿಯಾರ ನೋಡುತ್ತೇವೆ, ದೀಪ ಆರಿಸುತ್ತೇವೆ.

ಮೊದಲು ನೆನಪಾದದ್ದು ಸ್ಟೂಲಿನ ಕಿರುಗುಟ್ಟುವ ಸದ್ದು. ಆಮೇಲೆ, ತಿದ್ದಲು ಕಡುಕಷ್ಟದ ಮುಖವೊಂದು ಕೈಗೆ ಬಂದಾಗ ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ ರೀತಿ. ಆ ಚಾಚಿದ ಕಿವಿಗೇ ಸಿಕ್ಕಿಸುವರು, ಇನ್ನೊಂದರಲ್ಲಿ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ಬಾಯಿಯ ಕೊನೆ ಮೇಲಕ್ಕೆ ಎಳೆದುಕೊಂಡು, "ಇವಳನ್ನ ದೇವರೇ ಸರಿ ಮಾಡ್ಬೇಕು" ಎನ್ನುವರು, ಆದರೂ ಸಂಜೆಯೊಳಗೆ ತಾವೇ ಸರಿ ಮಾಡುವರು. ಕನ್ನಡಿಯಲ್ಲಿ ಖಾಲಿ ಸ್ಟೂಲು ಇತ್ತು. ಅದರ ಮೇಲೆ ಅವರು ಕೂತರು. ನಾನು ಪೆನ್ನು ತೆಗೆದುಕೊಂಡು, ಎತ್ತದೆ ಬರೆದೆ. ಕಿವಿಯೇ ಅರ್ಧ ಕಾಗದ, ಆ ಕಿವಿಯ ಭಾರಕ್ಕೆ ಹುಬ್ಬು ಸೀಳಿದಂತೆ, ಬಾಯಿ ಅತ್ತ ಕಡೆಗೇ ಏರಿದಂತೆ. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದೆ. ಅವರು ಸಿಕ್ಕಿದರು ಎಂದು ನನಗೆ ಸಂದೇಹವೇ ಇರಲಿಲ್ಲ.

ಸಂಜೆ ಮನೆಗೆ ಬಂದೆ. ಅತ್ತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದರು, ಪಕ್ಕದ ಸಣ್ಣ ಮೇಜಿನ ಮೇಲೆ ಮುಟ್ಟದ ತಟ್ಟೆ. ಮೊದಲು ಮಗಳಿಗೆ ತೋರಿಸಿದೆ. ಅವಳ ಮುಖ ಒಮ್ಮೆ ಬೆಳಗಿತು, ಕೂಡಲೇ ಗೊಂದಲಕ್ಕೆ ಬಿತ್ತು.

"ಅಪ್ಪನ ಹಾಗೇ ಇದೆ. ಆದ್ರೆ…"

"ಆದ್ರೆ ಏನು?"

"ಗೊತ್ತಿಲ್ಲ ಅಮ್ಮ. ಅಪ್ಪನ ತಮ್ಮ ಅಂತ ಒಬ್ಬರಿದ್ದಿದ್ರೆ ಹೀಗಿರ್ತಿದ್ರೇನೋ."

ಅವಳಿಗೆ ಇನ್ನೂ ಕೋಪ ಹೋಗಿಲ್ಲ ಎಂದುಕೊಂಡು ಅತ್ತೆಯ ಕೈಗೆ ಕೊಟ್ಟೆ. ಅವರು ಹತ್ತಿರ ಹಿಡಿದರು, ದೂರ ಹಿಡಿದರು. ನಾನು ತಟ್ಟೆಯನ್ನು ಅವರ ಹತ್ತಿರ ಸರಿಸಿದೆ.

"ನಮ್ಮ ಕಡೆಯವನೇ" ಎಂದರು ಅತ್ತೆ. "ನಮ್ಮ ತವರುಮನೆ ಕಡೆ ಇರ್ಬೇಕು. ಇವನೂ ಬಂದ್ರೆ ಊಟಕ್ಕೆ ಹಾಕು. ಆದ್ರೆ ನನ್ನ ಮಗ ಬಂದ ಮೇಲೆ" ಎಂದು ಬಾಗಿಲ ಕಡೆ ತಿರುಗಿದರು.

ನನ್ನ ತಾಳ್ಮೆ ಹರಿಯಿತು. "ಸಾಕು ಅತ್ತೆ. ಇನ್ನು ನನ್ನ ಕೈಲಾಗಲ್ಲ. ಬರಲ್ಲ ಅವರು. ಬರೋ ಹಾಗಿದ್ರೆ ನಾನೂ ಅಲ್ಲೇ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ದೆ" ಎಂದು ಕೂಗಿ, ಕಾಗದವನ್ನು ಅವರ ಕೈಯಿಂದ ಕಿತ್ತು ಮೇಜಿನ ಮೇಲೆ ಬೋರಲು ಬಡಿದು ಅಡುಗೆಮನೆಗೆ ಹೋದೆ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದೆ. ಸದ್ದು ಬೀದಿಗೆ ಕೇಳುವಂತಿತ್ತು. ತಿಂಗಳುಗಟ್ಟಲೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದು, ನೆನಪಿಲ್ಲದ ಮುದುಕಿಯ ಮೇಲೆ ಕೂಗಾಡಿದೆನಲ್ಲಾ ಎಂದು, ಒಳಗೆ ಬೇಯುತ್ತಿತ್ತು.

"ಅಮ್ಮ, ಬಾ ಇಲ್ಲಿ." ಮಗಳ ದನಿ ಮೆಲ್ಲಗೆ ಬಂತು. "ಸದ್ದು ಮಾಡ್ಬೇಡ, ಬಾ."

ಅತ್ತೆ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೋರಲು ಬಿದ್ದದ್ದನ್ನು ಬೋರಲಾಗಿಯೇ ಎತ್ತಿಕೊಂಡಿದ್ದರು. ತೆಳು ಕಾಗದದ ಹಿಂಬದಿಗೆ ಮಸಿ ಪೂರ್ತಿ ಇಳಿದಿತ್ತು. ಬಾಗಿಲಿನಿಂದ ಬರುವ ಬೆಳಕಿನಲ್ಲಿ ಪ್ರತಿ ಗೆರೆಯೂ ಕಾಣುತ್ತಿತ್ತು, ಎಲ್ಲವೂ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹತ್ತಿರ ಹೋಗಿ ನೋಡಿದೆ. ಕಾಗದದ ಮೇಲೆ ನಮ್ಮವರು ಇದ್ದರು. ನಾನು ಅವರನ್ನು ಕನ್ನಡಿಯಲ್ಲಿ ಕಂಡ ಹಾಗೆ ಬರೆದಿದ್ದೆ. ಅವರ ಎದುರು ನಿಂತವರಿಗೆ, ಅವರನ್ನು ಎತ್ತಿ ಆಡಿಸಿದವರಿಗೆ, ಅದು ತಿರುಗುಮುರುಗಾದ ಮುಖ. ಹೆಂಡತಿಯಾಗಿ ನಾನು ತಿಳಿದಿದ್ದ ಮುಖ ನನ್ನೊಬ್ಬಳದೇ ಆಗಿತ್ತು.

ಅತ್ತೆಯ ಬೆರಳು ಆ ದೊಡ್ಡ ಕಿವಿಯ ಅಂಚಿನ ಮೇಲೆ ಹೋಗುತ್ತಿತ್ತು. "ಇದು ನಾನೇ ಮಾಡಿದ್ದು" ಎಂದರು. "ಎಳೇ ಕೂಸಿದ್ದಾಗ ಒಂದೇ ಮಗ್ಗುಲಿಗೆ ಮಲಗಿಸ್ತಿದ್ದೆ. ಕಿವಿ ಮಡಚ್ಕೊಂಡು ಹೀಗಾಯ್ತು. ನನಗೇನು ಗೊತ್ತಿತ್ತು, ನನಗೂ ಚಿಕ್ಕ ವಯಸ್ಸು. ದೊಡ್ಡವನಾದ ಮೇಲೆ ಕನ್ನಡಿ ನೋಡಿ ಕೊರಗ್ತಿದ್ದ. ನಾನೇ ಮಾಡಿದ್ದು ಅಂತ ಅವನಿಗೆ ಹೇಳ್ಲೇ ಇಲ್ಲ."

ಅವರ ಬೆರಳು ಹುಬ್ಬಿಗೆ ಹೋಯಿತು, ಬಾಯಿಗೆ ಬಂತು, ಅಲ್ಲೇ ನಿಂತಿತು. ತಲೆ ಎತ್ತದೆ, "ಇವನು ಹೋದ, ಅಲ್ವಾ?" ಎಂದರು.

ಅಷ್ಟು ದಿನ ಸಲೀಸಾಗಿ ಹೇಳಿದ್ದ ಮಾತನ್ನು ಆಗ ಮೆಲ್ಲಗೆ ಹೇಳಿದೆ. "ಹೌದು ಅತ್ತೆ. ಹೋದ್ರು."

ಅವರು ಅತ್ತರು. ಸದ್ದಿಲ್ಲದೆ, ಕಾಗದ ಒದ್ದೆಯಾಗದ ಹಾಗೆ ಅದನ್ನು ಪಕ್ಕಕ್ಕೆ ಹಿಡಿದುಕೊಂಡು, ಹೆತ್ತವಳು ಅಳಬೇಕಾದಷ್ಟು ಅತ್ತರು. ಮಗಳು ನೆಲದ ಮೇಲೆ ಕುಳಿತು ಅಜ್ಜಿಯ ಮೊಣಕಾಲು ಹಿಡಿದುಕೊಂಡಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಬೀದಿಯಲ್ಲಿ ದೀಪ ಹತ್ತಿತು.

ಅಳು ನಿಂತ ಮೇಲೆ ಅತ್ತೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಏ ಹುಡುಗಿ, ಅವನ ಹೆಂಡ್ತಿ ಎಲ್ಲಿ?"

ಮಗಳು ಬಾಯಿ ತೆರೆದಳು. ನಾನು ಬೇಡ ಎಂದು ಕೈ ಮಾಡಿದೆ.

"ಒಳಗಿದ್ದಾರೆ" ಎಂದೆ.

"ಯಾರಾದ್ರೂ ಅವಳನ್ನ ಮಾತಾಡಿಸಿದ್ರಾ? ಬಂದವರೆಲ್ಲ ನನ್ನ ಹತ್ರಾನೇ ಕೂತಿರ್ತಾರೆ. ಅವಳು ಒಂಥರಾ ಹೆಣ್ಣು. ಮೂಗಿನ ತುದೀಲೇ ಸಿಟ್ಟು. ಅಳೋಕೆ ಬರಲ್ಲ ಅವಳಿಗೆ, ಅಳು ಬಂದ್ರೆ ಪಾತ್ರೆ ಕುಕ್ಕುತಾಳೆ. ನೋಡಿದವರು ಜಗಳಗಂಟಿ ಅಂದ್ಕೋತಾರೆ." ಅತ್ತೆ ತಲೆ ಆಡಿಸಿದರು. "ಅವನು ಅಂದ್ರೆ ಪ್ರಾಣ ಅವಳಿಗೆ. ಹೋಗು, ಊಟ ಮಾಡಿದ್ಲಾ ಕೇಳ್ಕೊಂಡು ಬಾ."

ನಾನು ಅಡುಗೆಮನೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ನಲ್ಲಿ ಬಿಟ್ಟು ಬಂದಿದ್ದೆ, ನೀರು ಹರಿಯುತ್ತಿತ್ತು. ಅದನ್ನು ನಿಲ್ಲಿಸಿದೆ. ಪಾತ್ರೆಯೊಂದನ್ನು ಎತ್ತಿಕೊಂಡೆ, ಕುಕ್ಕಲಾಗಲಿಲ್ಲ, ಮೆಲ್ಲಗೆ ಕೆಳಗಿಟ್ಟೆ. ಅವರು ಹೋದಾಗಿನಿಂದ ಬಾರದೆ ಇದ್ದದ್ದು ಆಗ ಬಂತು. ಬಾಯಿಗೆ ಬಟ್ಟೆ ಅಡ್ಡ ಹಿಡಿದು, ಗೋಡೆಗೆ ಒರಗಿ, ಅದು ಮುಗಿಯುವವರೆಗೆ ನಿಂತಿದ್ದೆ. ಮುಗಿಯಲಿಲ್ಲ. ಹಾಗೇ ಹೊರಗೆ ಬಂದೆ.

"ಇನ್ನೂ ಮಾಡಿಲ್ವಂತೆ" ಎಂದೆ.

"ನನಗೆ ಗೊತ್ತಿತ್ತು. ಕರಿ ಅವಳನ್ನ. ನಾನು ಕರೀತಿದ್ದೀನಿ ಅನ್ನು."

ಮಗಳು ಎದ್ದುಹೋಗಿ ಊಟ ಬಿಸಿ ಮಾಡಿ ಎರಡು ತಟ್ಟೆಗೆ ಹಾಕಿ ತಂದಿಟ್ಟಳು. ನಾನು ಇನ್ನೊಂದು ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕುಳಿತೆ.

"ಬಂದಿದ್ದೀನಿ ಅತ್ತೆ."

ಅವರು ನನ್ನ ಮುಖ ನೋಡಿದರು, ಕಣ್ಣು, ಮೂಗು, ಒದ್ದೆ ಕೆನ್ನೆ. ಗುರುತು ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ತುತ್ತು ಕಲಸಿ ತಮ್ಮ ಬಾಯಿಗಿಡುವ ಮೊದಲು ನನ್ನ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ಮೊದಲು ಊಟ ಮಾಡು. ಅಳೋದು ಇದ್ದೇ ಇದೆ" ಎಂದರು.

ಇಬ್ಬರೂ ಊಟ ಮಾಡಿದೆವು.